ಕೆಂಪು ಚುಕ್ಕೆಯವರೆಗೆ

ಜುಲೈ 21, 2024, ಭಾನುವಾರ

ಈ ಪುಸ್ತಕದಲ್ಲಿ ಇದುವರೆಗೆ ನಾಲ್ಕೇ ಕಾಲಂ ಇದ್ದವು. ಸಿಗಾರಿನ ಊರು, ಎಲೆಯ ಬಣ್ಣ, ಬೂದಿ, ಸುವಾಸನೆ. ಹದಿನೆಂಟು ವರ್ಷದಿಂದ ಪ್ರತಿ ಭಾನುವಾರ ಸಂಜೆ ಒಂದು ಸಿಗಾರ್, ರಾತ್ರಿ ಊಟಕ್ಕೆ ಮುಂಚೆ ಒಂದು ಸಾಲು. ಸುವಾಸನೆ ಮಾತ್ರ ಯಾವಾಗಲೂ ಕಾಲಂ ದಾಟಿ ಅಂಚಿಗೆ ಹೋಗುತ್ತಿತ್ತು. ಇವತ್ತು ಮೊದಲ ಮೂರು ತುಂಬಿಸಿದೆ. ನಿಕರಾಗುವಾ. ಹುರಿದ ಕಾಫಿಬೀಜದ ಬಣ್ಣ. ಬೂದಿ ಬೆಳ್ಳಗೆ, ಉದುರದೆ ಒಂದಿಂಚು ನಿಂತಿತು. ನಾಲ್ಕನೆಯದರಲ್ಲಿ ಬರೆಯಲು ಏನೂ ಇಲ್ಲ.

ಜ್ವರ ಬಿಟ್ಟು ಹನ್ನೆರಡು ದಿನ ಆಯಿತು. ಮೂಗು ಕಟ್ಟಿಲ್ಲ, ಉಸಿರು ಸರಾಗವಾಗಿದೆ, ವಾಸನೆ ಮಾತ್ರ ಇಲ್ಲ. ಸಿಗಾರಿನ ಹೊಗೆಯನ್ನು ಎದೆಗೆ ಎಳೆಯಬಾರದು. ಬಾಯಲ್ಲಿ ಇಟ್ಟುಕೊಂಡು, ಸ್ವಲ್ಪವನ್ನು ಮೂಗಿನಿಂದ ಬಿಡಬೇಕು. ಅದರ ಜೀವ ಇರುವುದೇ ಅಲ್ಲಿ. ಬಿಟ್ಟೆ. ಮೆಣಸಿನಪುಡಿ ಹತ್ತಿದ ಹಾಗೆ ಉರಿಯಿತು, ಅಷ್ಟೇ. ಉರಿಯ ಹಿಂದೆ ಬರಬೇಕಾದ ಬೆಲ್ಲ, ಚರ್ಮ, ಒದ್ದೆ ಮರ ಯಾವುದೂ ಬರಲಿಲ್ಲ. ಅಡುಗೆಮನೆಗೆ ಹೋಗಿ ಇಂಗಿನ ಡಬ್ಬಿ ತೆರೆದು ಮೂಗಿಗೆ ಹಿಡಿದೆ. ಬಚ್ಚಲಿಗೆ ಹೋಗಿ ಫಿನಾಯಿಲ್ ಬಾಟಲಿ ಹಿಡಿದೆ. ಎರಡೂ ಬರೀ ಗಾಳಿ. ನನಗೆ ತುಂಬ ಭಯವಾಗಿದೆ. ಎಲ್ಲಾದರೂ ಹೇಳಿಕೊಳ್ಳಬೇಕು ಅನ್ನಿಸಿ, ಕಾಲಂಗಳನ್ನು ಬಿಟ್ಟು ಪುಟದ ತುಂಬ ಬರೆಯುತ್ತಿದ್ದೇನೆ.

ನನ್ನ ಹೆಂಡತಿ ವತ್ಸಲಾ ಎಂದಿನಂತೆ ಬಾಲ್ಕನಿಯ ಬಾಗಿಲು ಮುಚ್ಚಿ ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳು. ಹದಿನೆಂಟು ವರ್ಷದಿಂದ ಭಾನುವಾರ ಆರು ಗಂಟೆಗೆ ಆ ಚಿಲಕದ ಸದ್ದು. ಅವಳಿಗೆ ಇನ್ನೂ ಹೇಳಿಲ್ಲ.

ಜುಲೈ 23, ಮಂಗಳವಾರ

ಬೇರೆ ಯಾರಿಗಾದರೂ ಹೀಗಾಗಿದ್ದರೆ ಊಟ ರುಚಿಸುತ್ತಿಲ್ಲ ಅಂತ ಗೊಣಗಿಕೊಂಡು ಸುಮ್ಮನಾಗುತ್ತಿದ್ದರು. ನನಗೆ ಸಂಬಳ ಬರುವುದೇ ಮೂಗಿಗೆ. ಮಾಗಡಿ ರಸ್ತೆಯ ಊದಿನಕಡ್ಡಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷದಿಂದ ಸುಗಂಧ ಬೆರೆಸುತ್ತಿದ್ದೇನೆ. ಅಲ್ಲಿ ಪುರುಷೋತ್ತಮ ಅಂತ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ‘ಮೂಗು ಸಾರ್’ ಅನ್ನಬೇಕು.

ನಮ್ಮಲ್ಲಿ ಒಂದು ಪದ್ಧತಿ. ಪ್ರತಿ ಲಾಟಿನಿಂದ ಒಂದು ಹಿಡಿ ಕಡ್ಡಿ ಎತ್ತಿಡುತ್ತೇವೆ. ಅವಕ್ಕೆ ಸಾಕ್ಷಿಕಡ್ಡಿ ಎನ್ನುತ್ತೇವೆ. ಹೊಸ ಲಾಟು ಬಂದಾಗ ಹಳೆಯ ಸಾಕ್ಷಿ ಒಂದು, ಹೊಸದೊಂದು ಪಕ್ಕಪಕ್ಕ ಹಚ್ಚಿ ನೋಡಬೇಕು. ನಾನು ತಲೆಯಾಡಿಸಿದರೆ ಮಾಲು ಪ್ಯಾಕಿಂಗಿಗೆ ಹೋಗುತ್ತದೆ. ಇವತ್ತು ಗಂಧದ ಲಾಟು. ಎರಡು ಕಡ್ಡಿ ಹಚ್ಚಿ, ಕಣ್ಣು ಅರೆಮುಚ್ಚಿ, ಎಂದಿನ ಗತ್ತಿನಲ್ಲಿ ಕೂತೆ. ಒಳಗೊಳಗೇ ಎಣ್ಣೆಯ ಬಣ್ಣ, ಅಂಟು, ಬೂದಿ ಬಾಗುವ ರೀತಿ ಲೆಕ್ಕ ಹಾಕಿ ತಲೆಯಾಡಿಸಿದೆ. ನಮ್ಮ ಮಾಲೀಕ ಗಿರಿರಾಜ್ “ಓಕೆ ಅಲ್ವಾ ಸಾರ್?” ಅಂದ. ಓಕೆ ಅಂದೆ.

ಜುಲೈ 28, ಭಾನುವಾರ

ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿ ಎಂ.ಜಿ. ರಸ್ತೆಯ ಸಿಗಾರ್ ಅಂಗಡಿಗೆ ಹೋಗಿದ್ದೆ. ಇಂಥ ದಿನಗಳಲ್ಲಿ ಹೊಸದು ಕೊಳ್ಳಬಾರದಿತ್ತು, ಆದರೂ ಹೋದೆ. ಮೂಗಿಲ್ಲದಿದ್ದರೂ ಬೆರಳಿತ್ತು. ಒಳ್ಳೆಯ ಸಿಗಾರನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಮೆಲ್ಲಗೆ ಒತ್ತಿದರೆ ಸ್ವಲ್ಪ ಬಗ್ಗಿ ಮತ್ತೆ ಎದ್ದು ನಿಲ್ಲಬೇಕು. ಗಂಟು ಸಿಕ್ಕರೆ ಹೊಗೆ ಎಳೆಯಲು ಬರುವುದಿಲ್ಲ. ಮೆತ್ತಗೆ ಪೊಳ್ಳಾಗಿದ್ದರೆ ಬೇಗ ಕಾದು ಕಹಿಯಾಗುತ್ತದೆ. ಹೊರಗಿನ ಎಲೆ ಬಿರುಕಿಲ್ಲದೆ, ನರಗಳು ಸಣ್ಣಗಿರಬೇಕು. ಡೊಮಿನಿಕನ್ ಒಂದನ್ನು ಆರಿಸಿ ತಂದೆ. ಬರುತ್ತಾ ಮೂಡಲಪಾಳ್ಯದ ಬೀಡಿ ಅಂಗಡಿಯಲ್ಲಿ ದಿಂಡಿಗಲ್ಲಿನ ಚುಟ್ಟಾ ಕೂಡ ಒಂದು ಕಟ್ಟು ಕೊಂಡೆ.

ಸಂಜೆ ನಿಯಮ ಮುರಿದು ಎರಡನ್ನೂ ಹಚ್ಚಿದೆ. ಒಂದು ಸಿಗಾರಿನ ಬೆಲೆಗೆ ಚುಟ್ಟಾ ಒಂದು ಚೀಲ ಬರುತ್ತದೆ. ನನಗೆ ಎರಡೂ ಒಂದೇ ಬಿಸಿಗಾಳಿ. ದೊಡ್ಡ ಜಾಣನ ಹಾಗೆ ಇಷ್ಟು ವರ್ಷ ಚುಟ್ಟಾ ಸೇದುವವರನ್ನು ಕಂಡು ನಕ್ಕಿದ್ದೆ. ಒಳ್ಳೆಯ ಶಾಸ್ತಿಯಾಯಿತು.

ಸಿಗಾರ್ ಡಬ್ಬಿಯ ತಳದಲ್ಲಿ ಕ್ಯೂಬಾದ ಸಿಗಾರ್ ಒಂದು ಹಾಗೇ ಇದೆ. ಗಿರಿರಾಜನ ತಂದೆ ದೇವೇಂದ್ರಪ್ಪನವರು ನಾನು ಇಪ್ಪತ್ತೈದು ವರ್ಷ ಪೂರೈಸಿದಾಗ ಕೊಟ್ಟದ್ದು. “ಯಾವತ್ತು ನಿನ್ನ ಮೂಗು ನಿನಗೇ ಆಶ್ಚರ್ಯ ಮಾಡುತ್ತೋ ಅವತ್ತು ಹಚ್ಚು” ಅಂದಿದ್ದರು. ಅವರು ತೀರಿಕೊಂಡರು. ಡಬ್ಬಿಯೊಳಗಿನ ತೇವ ಶೇಕಡಾ ಅರವತ್ತೊಂಬತ್ತರಲ್ಲಿ ಇರುವಂತೆ ನೋಡಿಕೊಂಡು, ಇನ್ನೂ ದೊಡ್ಡ ದಿನ ಬರಲಿ ಅಂತ ಕಾಯುತ್ತಲೇ ಇದ್ದೇನೆ. ಇವತ್ತು ಅದರ ಮೇಲಿನ ದೇವದಾರು ಮರದ ತೆಳು ಹಾಳೆ ಸರಿಸಿ ಮೂಸಿದೆ. ಏನೂ ಇಲ್ಲ. ಮುಚ್ಚಿಟ್ಟೆ.

ಆಗಸ್ಟ್ 4, ಭಾನುವಾರ

ಬೆಳಗಿನ ಜಾವದ ಕನಸಿನಲ್ಲಿ ವಾಸನೆ ಇತ್ತು! ಯಾವುದೋ ಗೋದಾಮು, ಗೋಡೆಗಳೆಲ್ಲ ತಂಬಾಕಿನ ಎಲೆಯವು. ಕೈ ತಾಗಿದಲ್ಲೆಲ್ಲ ಸಂಪಿಗೆ. ನಡೆಯುತ್ತಾ ನಡೆಯುತ್ತಾ ಗೋಡೆ ಮೆತ್ತಗಾಗಿ, ನಾನು ಅದರೊಳಗೇ ಹೋಗುತ್ತಿದ್ದೆ. ಎಚ್ಚರವಾದ ಮೇಲೆ ದಿಂಬಿಗೆ ಮೂಗು ಒತ್ತಿಕೊಂಡು ತುಂಬಾ ಹೊತ್ತು ಮಲಗಿದ್ದೆ.

ಹತ್ತು ಗಂಟೆಗೆ ಅಡುಗೆಮನೆಯಲ್ಲಿ ಪೇಪರ್ ಓದುತ್ತಾ ಕೂತಿದ್ದೆ. ವತ್ಸಲಾ ಬಟ್ಟೆ ಹರವಲು ಮೇಲೆ ಹೋಗಿದ್ದಳು. ಇಳಿದು ಬಂದವಳು ಓಡಿಹೋಗಿ ಒಲೆ ಆರಿಸಿದಳು.

“ಪಕ್ಕದಲ್ಲೇ ಕೂತಿದೀರಲ್ರೀ, ಬೇಳೆ ತಳ ಹಿಡಿದು ಮನೆಯೆಲ್ಲಾ ಸೀದ ವಾಸನೆ! ನಿಮ್ಮ ಮೂಗು...” ಅಷ್ಟಕ್ಕೇ ನಿಲ್ಲಿಸಿ ನನ್ನ ಮುಖ ನೋಡಿದಳು.

“ಬರ್ತಿಲ್ಲ” ಅಂದೆ.

“ಯಾವಾಗಿಂದ?”

“ಜ್ವರದಿಂದ.”

ಅವಳು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ತಪ್ಪು ಉತ್ತರ ಕಂಡರೆ ಬೈದು ಅಭ್ಯಾಸ. ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ. ಅವಳು ಸೀದ ಪಾತ್ರೆಗೆ ನೀರು ಬಿಟ್ಟು, “ಒಂದು ತಿಂಗಳಿಂದ ಒಬ್ಬರೇ ಇಟ್ಕೊಂಡಿದೀರಾ?” ಅಂತ ಮೆಲ್ಲಗೆ ಕೇಳಿದಳು.

ಆಗಸ್ಟ್ 7, ಬುಧವಾರ

ವಿಜಯನಗರದ ಮೂಗು-ಗಂಟಲು ಡಾಕ್ಟರು ಬರಬಹುದು, ಬರದೆಯೂ ಇರಬಹುದು ಎಂದರು. ದಿನಕ್ಕೆರಡು ಸಲ ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಮೂಸಿ, ಅವುಗಳ ವಾಸನೆಯನ್ನು ನೆನಪಿಸಿಕೊಳ್ಳಬೇಕಂತೆ. ಸಿಗಾರ್ ಪೂರ್ತಿ ಬಿಡಿ ಎಂದರು. ಹೊರಗೆ ಬಂದ ಮೇಲೆ ನಾನು ಮೆಟ್ಟಿಲ ಮೇಲೇ ನಿಂತುಬಿಟ್ಟೆ. ಅದೊಂದನ್ನು ಬಿಟ್ಟರೆ ನನ್ನದು ಅಂತ ಏನು ಉಳಿಯಿತು ಎಂದು ಜೊತೆಗಿದ್ದ ವತ್ಸಲಾಳನ್ನು ಕೇಳಿದೆ. ಗಂಡಸು ಹಾಗೆ ಕೇಳಬಾರದಿತ್ತೇನೋ.

ಮನೆಗೆ ಬಂದೆವು. ಬೀಗ ತೆಗೆಯುತ್ತಾ, “ವಾರಕ್ಕೊಂದರಲ್ಲಿ ಅರ್ಧ. ನಾನು ಎದುರಿಗೆ ಕೂತು ನೋಡ್ತೀನಿ” ಅಂದಳು.

ಆಗಸ್ಟ್ 11, ಭಾನುವಾರ

ಹದಿನೆಂಟು ವರ್ಷದಲ್ಲಿ ಮೊದಲ ಸಲ ವತ್ಸಲಾ ಬಾಲ್ಕನಿಗೆ ಬಂದು ಕೂತಳು. ಗಾಳಿ ಬರುವ ದಿಕ್ಕು ನೋಡಿ ಕುರ್ಚಿ ಹಾಕಿಕೊಂಡಳು, ಮೂಗಿಗೆ ಸೆರಗು. ಕೈಯಲ್ಲಿ ಶಾಲೆಯ ಸ್ಕೇಲು, ಕೆಂಪು ಪೆನ್ನು. ನನ್ನ ಡೊಮಿನಿಕನ್ ಸಿಗಾರನ್ನು ಪೆನ್ಸಿಲ್ ಹಾಗೆ ಹಿಡಿದು ಅಳೆದಳು.

“ಐದು ಇಂಚು. ಎರಡೂವರೆಗೆ ನಿಲ್ಲಿಸ್ಬೇಕು.” ನಡುವೆ ಒಂದು ಕೆಂಪು ಚುಕ್ಕೆ ಇಟ್ಟಳು. ಹೊರಗಿನ ಎಲೆ ಎಷ್ಟು ಸೂಕ್ಷ್ಮ, ಅದಕ್ಕೆ ಇಂಕು ತಾಗಬಾರದು ಅಂತ ಹೇಳಹೊರಟವನು ಅವಳ ಮುಖ ನೋಡಿ ಬೆಂಕಿಪೊಟ್ಟಣ ತೆಗೆದೆ.

ಬೆಂಕಿಯನ್ನು ಮುಟ್ಟಿಸದೆ, ಕಡ್ಡಿ ತಿರುಗಿಸುತ್ತಾ ತುದಿ ಕೆಂಪಾಗಿಸಿದೆ. ಅವಳಿಗೆ ಮಾಡಲು ಕೆಲಸವಿಲ್ಲ. ಎದುರಿನ ಮೇಲ್ಸೇತುವೆಯಲ್ಲಿ ಮೆಟ್ರೋ ಎರಡು ಸಲ ಹೋಯಿತು.

“ಏನು ವಾಸನೆ ಬರ್ತಿದೆ?” ಅಂದೆ.

“ಸಿಗಾರ್ ವಾಸನೆ.”

“ಅದಲ್ಲ ಕಣೇ. ಯಾವ ಥರದ್ದು?”

“ನಂಗೇನ್ರೀ ಗೊತ್ತು?” ಸೆರಗು ಇಳಿಸಿದಳು. “ಜೂನ್‌ನಲ್ಲಿ ಸ್ಕೂಲ್ ಬೀಗ ತೆಗೀತೀವಲ್ಲ, ಎರಡು ತಿಂಗಳು ಮುಚ್ಚಿದ್ದ ಕ್ಲಾಸು. ಮರದ ಬೆಂಚು, ಸೀಮೆಸುಣ್ಣ. ಆ ಥರ.”

ಇದು ಸುವಾಸನೆಯನ್ನು ವರ್ಣಿಸುವ ರೀತಿಯೇ ಅಲ್ಲ. ಆದರೂ ಕಾಲಂನಲ್ಲಿ ಬರೆದುಕೊಂಡೆ. ಚುಕ್ಕೆ ಬಂತು ಎಂದಳು. ಇಟ್ಟುಬಿಟ್ಟೆ. ಸಿಗಾರನ್ನು ಹೊಸಕಬಾರದು, ತಾನಾಗೇ ಆರಲು ಬಿಡಬೇಕು.

“ನಿಮ್ಮ ಮೂಗು ಬರೋವರೆಗೆ ಅಷ್ಟೇ ನಾನು ಕೂರೋದು” ಅಂತ ಎದ್ದಳು. “ಆಮೇಲೆ ನೀವುಂಟು ನಿಮ್ಮ ಹೊಗೆಯುಂಟು. ನಾನು ಬಾಗಿಲು ಹಾಕ್ಕೊಳ್ತೀನಿ.”

ಆಗಸ್ಟ್ 20, ಮಂಗಳವಾರ

ಬರೆಯಲು ಕೈ ಬರುತ್ತಿಲ್ಲ.

ಗಣೇಶನ ಹಬ್ಬಕ್ಕೆ ಹೋಗಬೇಕಾದ ಮಲ್ಲಿಗೆ ಲಾಟನ್ನು ನಿನ್ನೆ ಪಾಸು ಮಾಡಿದ್ದೆ. ಇವತ್ತು ಪ್ಯಾಕಿಂಗಿನ ಹನುಮವ್ವ ಒಂದು ಡಬ್ಬಿ ಹಿಡಿದು ಬಂದಳು. ಕೊಪ್ಪಳದ ಕಡೆಯವಳು, ಇಲ್ಲಿ ಇಪ್ಪತ್ತು ವರ್ಷದಿಂದ ಇದ್ದಾಳೆ.

“ಸರ, ಡಬ್ಬಿ ಮ್ಯಾಲ ಮಲ್ಲಿಗಿ ಅಂತ ಐತ್ರಿ, ಒಳಗ ಕ್ಯಾದಗಿ ಐತಿ. ಒಂದೀಟು ಮೂಸಿ ನೋಡ್ರಿ.”

ಕೇದಗೆಗೂ ಮಲ್ಲಿಗೆಗೂ ಬೀದಿಯ ಮಗುವೂ ವ್ಯತ್ಯಾಸ ಹೇಳುತ್ತದೆ. ಎಣ್ಣೆಯ ಕ್ಯಾನುಗಳು ಅದಲುಬದಲಾಗಿದ್ದವು ಅಂತ ಆಮೇಲೆ ಗೊತ್ತಾಯಿತು. ಬಣ್ಣ ಒಂದೇ, ಅಂಟು ಒಂದೇ, ಬೂದಿ ಒಂದೇ. ನಾನು ಡಬ್ಬಿ ಮೂಸಿ, ಎಲ್ಲರೆದುರು ಏನಂದೆ ಗೊತ್ತೇ? “ಮೂವತ್ತೊಂದು ವರ್ಷದ ಮೂಗಿಗೆ ನೀನು ಪಾಠ ಹೇಳ್ಬೇಡಮ್ಮ. ನಿನ್ನ ಕೆಲಸ ನೋಡ್ಕೋ” ಅಂದೆ. ಅವಳು ತಲೆ ತಗ್ಗಿಸಿ ಹೋದಳು. ಮಾಲು ಲಾರಿ ಹತ್ತಲು ತಯಾರಾಗುತ್ತಿದೆ. ನಾನು ಮನೆಯಲ್ಲಿ ಕೂತು ಲವಂಗ ಮೂಸುತ್ತಿದ್ದೇನೆ.

ಆಗಸ್ಟ್ 21, ಬುಧವಾರ

ಗಿರಿರಾಜನಿಗೆ ಹೇಳಿಬಿಟ್ಟೆ. ಲಾರಿ ನಿಲ್ಲಿಸಿದರು.

ನಾನು ಎತ್ತಿ ಆಡಿಸಿದ ಹುಡುಗ ಅವನು. “ನನಗೆ ಹೇಳಿದ್ದು ಸರಿ ಸಾರ್. ಆದ್ರೆ ನೀವು ಬೈದಿದ್ದು ಹನುಮವ್ವನ್ನ” ಅಂದ.

ಪ್ಯಾಕಿಂಗಿನ ಹಾಲಿಗೆ ಹೋಗಿ ಅಷ್ಟೂ ಜನರೆದುರು ತಪ್ಪಾಯಿತು ಎಂದೆ. ಹನುಮವ್ವನಿಗೆ ನನಗಿಂತ ಹೆಚ್ಚು ನಾಚಿಕೆಯಾಯಿತು. “ಅಯ್ಯ, ಬಿಡ್ರಿ ಸರ, ಜ್ವರ ಯಾರ ಮಾತ ಕೇಳತೈತಿ” ಅಂದಳು.

ಸೋಮವಾರದಿಂದ ಸಾಕ್ಷಿಕಡ್ಡಿಯ ಮುಂದೆ ಅವಳು ಕೂರಬೇಕು, ಎಣ್ಣೆಯ ಅಳತೆ ಮಾತ್ರ ನನ್ನದು. ದೀಪಾವಳಿವರೆಗೆ ನೋಡೋಣ, ಅಷ್ಟರಲ್ಲಿ ಮೂಗು ಬಾರದಿದ್ದರೆ ಬೇರೆ ಯೋಚನೆ ಮಾಡಬೇಕಾಗುತ್ತೆ ಎಂದ ಗಿರಿರಾಜ್. ಅವನದೇನೂ ತಪ್ಪಿಲ್ಲ.

ಸೆಪ್ಟೆಂಬರ್ 8, ಭಾನುವಾರ

ಹಬ್ಬದ ಮರುದಿನ. ವತ್ಸಲಾಗೆ ಒಂದು ಪರೀಕ್ಷೆ ಇಟ್ಟೆ. ಸಿಗಾರಿಗೆ ಸುತ್ತಿದ ಹೆಸರಿನ ಕಾಗದದ ಪಟ್ಟಿ ಬಿಚ್ಚಿ, ಯಾವುದು ಯಾವುದೆಂದು ಹೇಳದೆ, ಒಂದು ದುಬಾರಿ ಹೊಂಡುರಾಸ್, ಒಂದು ದಿಂಡಿಗಲ್ ಚುಟ್ಟಾ ಹಚ್ಚಿದೆ. ಎರಡರಲ್ಲೂ ಕಾಲುಕಾಲು ಭಾಗ ಮಾತ್ರ. ಅವಳೇ ಅಳೆದು, ಎರಡಕ್ಕೂ ಚುಕ್ಕೆ ಇಟ್ಟಿದ್ದಳು.

ಹೊಂಡುರಾಸ್ ಬಗ್ಗೆ, “ದೊಡ್ಡವರ ಮನೆ ಸೋಫಾ ಥರ ಇದೆ. ಚೆನ್ನಾಗಿದೆ, ಆದ್ರೆ ಕೂರಕ್ಕೆ ಭಯ” ಅಂದಳು. ಚುಟ್ಟಾ ಹಚ್ಚಿದ ಕೂಡಲೇ ಕುರ್ಚಿ ಹತ್ತಿರ ಎಳೆದುಕೊಂಡಳು. “ಇದು ನಮ್ಮ ಸೋದರಮಾವನ ಜಟಕಾ! ಹುಲ್ಲಿನ ಚೀಲ, ಕುದುರೆ ಬೆನ್ನಿನ ಬೆವರು. ನಾನು ಆರು ವರ್ಷದವಳು, ಮುಂದೆ ಕೂರಿಸ್ಕೋತಿದ್ರು.”

ಅವಳ ಸೋದರಮಾವನಿಗೆ ಜಟಕಾ ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ. ಆದರೂ ಬಿಡದೆ, ಚುಟ್ಟಾದಲ್ಲಿ ಬರುವುದು ಒರಟು ಕಟು ವಾಸನೆ ಮಾತ್ರ, ಆ ಎಲೆಗೆ ಬೇರೇನೂ ಸಾಧ್ಯವಿಲ್ಲ ಎಂದು ತಿದ್ದಿದೆ.

“ಈಗ ಮೂಗು ಯಾರದ್ದು?” ಅಂದಳು.

ಬಾಯಿ ಮುಚ್ಚಿಕೊಂಡು ಬರೆದುಕೊಂಡೆ. ಜಟಕಾ, ಹುಲ್ಲು, ಕುದುರೆಯ ಬೆನ್ನು. ಕಾಲಂ ಸಾಲದೆ ಅಂಚಿಗೆ ಹೋಯಿತು.

ಸೆಪ್ಟೆಂಬರ್ 28, ಶನಿವಾರ

ಇಬ್ಬರೂ ಸಿಗಾರ್ ಅಂಗಡಿಗೆ ಹೋಗಿದ್ದೆವು! ನೀವು ಬೆರಳಲ್ಲಿ ಒತ್ತಿ ತರೋದೆಲ್ಲಾ ಒಂದೇ ಥರ ಇರುತ್ತೆ, ನಾನೇ ಬರ್ತೀನಿ ಅಂತ ಹೊರಟಳು. ಮೆಟ್ರೋದಲ್ಲಿ ವಿಜಯನಗರ, ಹೊಸಹಳ್ಳಿ ದಾಟುವಾಗ ಶಾಲೆಯ ಪುಟ್ಟಲಕ್ಷ್ಮಿ ಟೀಚರ್ ಸಿಕ್ಕರು. ಎಲ್ಲಿಗೆ ಅಂದಾಗ ವತ್ಸಲಾ, “ಸ್ವಲ್ಪ ಸಾಮಾನು ತರಕ್ಕೆ” ಅಂದು ನನ್ನ ಕಡೆ ನೋಡದೆ ನಕ್ಕಳು.

ಅಂಗಡಿಯ ತಣ್ಣನೆಯ ಗಾಜಿನ ಕೋಣೆಯಲ್ಲಿ ಅವಳು ಕಾಟನ್ ಸೀರೆಯ ನೆರಿಗೆ ಹಿಡಿದು ಪೆಟ್ಟಿಗೆ ಪೆಟ್ಟಿಗೆಗೂ ಬಗ್ಗಿ ಮೂಸಿದಳು, ತರಕಾರಿ ಆರಿಸುವವಳ ಗಾಂಭೀರ್ಯದಿಂದ. ಅಂಗಡಿಯವನು ಮೇಡಂಗೆ ಏನು ಬೇಕು ಅಂತ ಎರಡು ಸಲ ಕೇಳಿದ. “ಹುರಿದ ಕೊತ್ತಂಬರಿ ಬೀಜದ ಥರ ಇರೋದು ಕೊಡಿ, ಸೀದಿರಬಾರದು” ಅಂದಳು. ಅವನು ಯೋಚಿಸಿ ಈಕ್ವಡಾರಿನ ಎಲೆ ಸುತ್ತಿದ ಒಂದನ್ನು ತೆಗೆದುಕೊಟ್ಟ. ದುಬಾರಿಯದ್ದೇನೂ ಅಲ್ಲ. ನಾನು ಬೆರಳಲ್ಲಿ ಒತ್ತಿ ನೋಡಿದೆ. ಗಂಟಿರಲಿಲ್ಲ. ಇಬ್ಬರೂ ಪಾಸು ಮಾಡಿದ ಹಾಗಾಯಿತು.

ಕಾರ್ಖಾನೆಯಲ್ಲೂ ಈಗ ಹೀಗೇ. ಹನುಮವ್ವ ಮೂಸಿ, “ಒಂದೀಟು ಅಳ್ಳಕಾಗೇತ್ರಿ” ಅನ್ನುತ್ತಾಳೆ, ನಾನು ಯಾವ ಎಣ್ಣೆ ಎಷ್ಟು ಹನಿ ಎಂದು ಹುಡುಕಿ ಬಿಗಿ ಮಾಡುತ್ತೇನೆ.

ಅಕ್ಟೋಬರ್ 13, ಭಾನುವಾರ

ವಿಜಯದಶಮಿಯ ಮರುದಿನ. ವಿಚಿತ್ರ ಕನಸು. ಖಾಲಿ ಮೆಟ್ರೋ, ಎರಡೂ ಕಡೆ ಮೋಡ. ಸ್ಪೀಕರಿನಲ್ಲಿ ವತ್ಸಲಾಳ ಶಾಲೆಯ ದನಿ: “ಮುಂದಿನ ನಿಲ್ದಾಣ ಹುರಿದ ಕಡಲೆಬೇಳೆ. ಬಾಗಿಲು ಎಡಕ್ಕೆ ತೆರೆಯುತ್ತದೆ.” ಆಮೇಲೆ ಒದ್ದೆ ಗೋಣಿಚೀಲ. ಆಮೇಲೆ ಹೊಸ ಪುಸ್ತಕ. ನಾನು ಎಲ್ಲೂ ಇಳಿಯದೆ ಕೇಳುತ್ತಾ ಕೂತಿದ್ದೆ. ನಗುತ್ತಾ ಎದ್ದೆ. ಕನಸಿನಲ್ಲಿ ವಾಸನೆ ಇತ್ತೋ ಇಲ್ಲವೋ ನೆನಪಿಲ್ಲ.

ಇವತ್ತು ಬೆಳಿಗ್ಗೆ ಲವಂಗ, ನಿಂಬೆ ಮೂಸಲು ಮರೆತೆ.

ಅಕ್ಟೋಬರ್ 20, ಭಾನುವಾರ

ಎಡೆಬಿಡದ ಮಳೆ. ಹಚ್ಚಲಿಲ್ಲ. ಆದರೂ ಆರು ಗಂಟೆಗೆ ಇಬ್ಬರೂ ಹೋಗಿ ಕೂತಿದ್ದೆವು.

ಅಕ್ಟೋಬರ್ 29, ಮಂಗಳವಾರ

ಗಿರಿರಾಜ್ ಒಳಗೆ ಕರೆದ. ದೀಪಾವಳಿಯ ಗಡುವು ನನಗೂ ನೆನಪಿತ್ತು. ಹನುಮವ್ವನೂ ನಿಂತಿದ್ದಳು. ಇನ್ನು ಮುಂದೆ ಮಾಲು ಪಾಸು ಮಾಡುವ ಕುರ್ಚಿ ಅವಳದೇ ಎಂದ, ಸಂಬಳವೂ ಕುರ್ಚಿಗೆ ತಕ್ಕಂತೆ.

“ನೀವೂ ಇರ್ಬೇಕು ಸಾರ್. ಮೂಗು ಬಂದ್ರೂ ಸರಿ, ಬರದಿದ್ರೂ ಸರಿ. ಏನು ಕಡಿಮೆಯಾಗಿದೆ ಅಂತ ಅವರು ಹೇಳ್ತಾರೆ, ಅದನ್ನ ತುಂಬೋದು ನಿಮಗೇ ಗೊತ್ತು.”

ಮೂವತ್ತೊಂದು ವರ್ಷ ಕೂತ ಕುರ್ಚಿ ಹೋಯಿತು. ಅಳು ಬರುತ್ತದೆ ಅಂದುಕೊಂಡಿದ್ದೆ. ಹೊರಗೆ ಬಂದು ಹನುಮವ್ವನಿಗೆ ಆ ಕುರ್ಚಿಯ ಎಡಗಾಲು ಸ್ವಲ್ಪ ಸಡಿಲ, ಬಲಕ್ಕೆ ಒರಗಿ ಕೂರು ಅಂತ ಹೇಳಿಕೊಟ್ಟೆ.

ನವೆಂಬರ್ 3, ಭಾನುವಾರ

ಸಂಜೆ ವತ್ಸಲಾ ತಾನೇ ಡಬ್ಬಿ ತೆರೆದು, ತಳದಲ್ಲಿದ್ದ ಕ್ಯೂಬಾದ ಸಿಗಾರ್ ತೆಗೆದಳು.

“ಇದು ಯಾವಾಗಕ್ಕೆ?”

“ಮೂಗು ಬಂದ ದಿನಕ್ಕೆ ಅಂದ್ಕೊಂಡಿದ್ದೆ.”

“ನನ್ನ ಮೂಗು ಇದೆಯಲ್ಲ” ಎಂದು ಅಳೆದು ಚುಕ್ಕೆ ಇಟ್ಟಳು. ಆರೂಕಾಲು ಇಂಚು.

ಟೊಪ್ಪಿಯಂಥ ತುದಿಯನ್ನು ಕತ್ತರಿಸಿ, ಮೂರು ಬೆಂಕಿಕಡ್ಡಿ ಖರ್ಚು ಮಾಡಿ ನಿಧಾನಕ್ಕೆ ಹಚ್ಚಿದೆ. ಹಬ್ಬದ ಕೊನೆಯ ಪಟಾಕಿಗಳು ಚಂದ್ರಾ ಲೇಔಟಿನ ಕಡೆ ಸಿಡಿಯುತ್ತಿದ್ದವು. ಆಕಾಶ ನಸುಗೆಂಪಾಗಿತ್ತು. ದೀಪ ಹಚ್ಚಿಕೊಂಡ ಮೆಟ್ರೋ ಒಂದು ಮೈಸೂರು ರಸ್ತೆಯ ಕಡೆ ಸದ್ದಿಲ್ಲದೆ ತೇಲಿತು. ಅವಳು ಮಾತಾಡಲು ಶುರು ಮಾಡಿದಳು. ಮೊದಲು ಹಳೆಯ ಪೆಟ್ಟಿಗೆ ಅಂದಳು. ಆಮೇಲೆ ಮದುವೆಮನೆಯ ಜಮಖಾನ. ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ.

ಹೊಗೆಯನ್ನು ಮೂಗಿನಿಂದ ಬಿಟ್ಟೆ. ಉರಿ. ಉರಿಯ ಹಿಂದೆ ಏನೋ ಇತ್ತು.

ಕಣ್ಣು ತೆರೆಯಲು ಧೈರ್ಯ ಬರಲಿಲ್ಲ. ಇನ್ನೊಂದು ಸಲ ಬಿಟ್ಟೆ. ಬಾಗಿಲ ಸಂದಿಯಲ್ಲಿ ಹಾದುಹೋದ ಹಾಗೆ, ತೆಳ್ಳಗೆ, ಆದರೆ ಇತ್ತು. ದೇವದಾರು. ಅದರ ಹಿಂದೆ ಹದ ಮಾಡಿದ ಚರ್ಮ. ನನಗೆ ಗೊತ್ತಿಲ್ಲದೆ ಕಣ್ಣಲ್ಲಿ ನೀರು ಬಂತು, ಹೊಗೆ ಹೋಯಿತು ಅಂತ ಒರೆಸಿಕೊಂಡೆ.

“ಈಗ ಬೇರೆ ಬರ್ತಿದೆ ನೋಡಿ!” ವತ್ಸಲಾ ಮುಂದಕ್ಕೆ ಬಾಗಿದಳು. “ಏಲಕ್ಕಿ. ಪಾಯಸ ಇಳಿಸೋ ಮುಂಚೆ ಕುಟ್ಟಿ ಹಾಕ್ತೀವಲ್ಲ, ಮುಚ್ಚಳ ತೆಗೆದ ತಕ್ಷಣ ಬರೋದು. ಖಂಡಿತಾ ಏಲಕ್ಕಿ.”

ಏಲಕ್ಕಿ ಅಲ್ಲವೇ ಅಲ್ಲ. ಅದರ ಹತ್ತಿರವೂ ಇಲ್ಲ. ಮೂವತ್ತೊಂದು ವರ್ಷದ ಮೂಗು ಹೇಳುತ್ತಿದೆ, ಅಪ್ಪಟ ದೇವದಾರು. ಹೇಳಬೇಕೆಂದು ಬಾಯಿ ತೆರೆದೆ. ಅವಳು ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದಳು.

“ಆಮೇಲೆ?” ಎಂದೆ.

ಅವಳು ಮುಂದುವರಿಸಿದಳು. ಅವಳ ತಾಯಿ ಪಾಯಸ ಮಾಡುತ್ತಿದ್ದ ಹಿತ್ತಾಳೆ ಪಾತ್ರೆ, ಅದು ಯಾರ ಪಾಲಿಗೆ ಹೋಯಿತು, ಇವಳು ಅದಕ್ಕಾಗಿ ಎಷ್ಟು ದಿನ ಮುನಿಸಿಕೊಂಡಿದ್ದಳು. ಬೆಂಕಿ ಕೆಂಪು ಚುಕ್ಕೆಯನ್ನು ದಾಟಿ ಎಷ್ಟೋ ಹೊತ್ತಾಗಿತ್ತು. ನಾನೇ ನೋಡಿ ಇಟ್ಟೆ, ಅವಳು ಗಮನಿಸಲಿಲ್ಲ. ಡಾಕ್ಟರಿಗೆ ನಾಳೆಯೇ ಹೇಳಬೇಕು, ಗಿರಿರಾಜನಿಗೂ ಹೇಳಬೇಕು. ವತ್ಸಲಾಗೆ ಇವತ್ತು ಏಕೆ ಹೇಳಲಿಲ್ಲವೋ ಗೊತ್ತಿಲ್ಲ. ಮುಂದಿನ ಭಾನುವಾರ ಕಳೆಯಲಿ, ಹೇಳಿದರಾಯಿತು.

ಬಹಳ ದಿನದ ಮೇಲೆ ಇವತ್ತು ನಾಲ್ಕೂ ಕಾಲಂಗೆ ಗೆರೆ ಹಾಕಿ ಬರೆಯುತ್ತಿದ್ದೇನೆ.

ಊರು: ಕ್ಯೂಬಾ.

ಎಲೆ: ಜೇನಿನ ಬಣ್ಣ.

ಬೂದಿ: ನೋಡಲಿಲ್ಲ.

ಸುವಾಸನೆ: ಏಲಕ್ಕಿ.